‘ದುನಿಯಾ ನ ಮಾನೆ’ : ಒಂದು ಹಳೆಯ ಚಿತ್ರಪಟ, ಒಂದು ಹಳೆಯ ಪ್ರಶ್ನೆ

ಬೇಸಿಗೆಯ ರಜೆ ಮುಗಿದು ಶಾಲೆ ಪ್ರಾರಂಭವಾದ ಮೊದಲನೆಯ ವಾರದಲ್ಲಿ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದಳು. ರಜೆಯಲ್ಲಿ ಅವಳು ತನ್ನ ಅಜ್ಜಿಯೊಡನೆ ಕುಳಿತು ಒಂದು ಹಳೆಯ ಹಿಂದಿ ಚಿತ್ರಪಟವನ್ನು ನೋಡಿದ್ದಳಂತೆ. ಅದರಲ್ಲಿ ಒಬ್ಬ ಹುಡುಗಿಗೆ ತಂದೆಯ ವಯಸ್ಸನ್ನೂ ಮೀರಿದ ಮುದುಕನೊಡನೆ ಮದುವೆಯಾಗುತ್ತದೆ. ಅವಳು ಆ ಮದುವೆಯನ್ನು ಒಪ್ಪದೆ ಗಂಡನ ಮನೆಯಲ್ಲಿಯೇ ಇದ್ದುಕೊಂಡು ಎಲ್ಲರಿಗೂ ಎದುರುತ್ತರ ಕೊಡುತ್ತಾಳೆ. “ಹಿರಿಯರ ಎದುರಿಗೆ ಹಾಗೆ ಮಾತನಾಡಬಹುದೇ?” ಎಂಬುದು ಹುಡುಗಿಯ ಪ್ರಶ್ನೆ. ನಾನು ಉತ್ತರ ಕೊಡುವುದಕ್ಕೆ ಮೊದಲು, ನಿಮ್ಮ ಅಜ್ಜಿ ಏನೆಂದರು ಎಂದು ಕೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ನಮ್ಮನ್ನ ಯಾರ ಕೇಳಿದ್ರವ್ವಾ” ಎಂದಷ್ಟೇ ಹೇಳಿದರಂತೆ.

ಆ ಒಂದು ಮಾತೇ ಈ ಲೇಖನಕ್ಕೆ ಕಾರಣವಾಯಿತು. ಚಿತ್ರಪಟದ ಹೆಸರು ‘ದುನಿಯಾ ನ ಮಾನೆ’. ಮರಾಠಿಯಲ್ಲಿ ಇದೇ ಚಿತ್ರಕ್ಕೆ ‘ಕುಂಕೂ’ ಎಂದು ಹೆಸರು. ಅಂದರೆ ನಮ್ಮ ಕುಂಕುಮ. ೧೯೩೭ರಲ್ಲಿ ಪ್ರಭಾತ ಫಿಲ್ಮ ಕಂಪನಿಯವರು ಇದನ್ನು ಎರಡೂ ಭಾಷೆಗಳಲ್ಲಿ ನಿರ್ಮಿಸಿದರು. ನಿರ್ದೇಶಕರು ವ್ಹಿ. ಶಾಂತಾರಾಮರು. ನಮ್ಮ ಜಿಲ್ಲೆಗೂ ಈ ಚಿತ್ರಕ್ಕೂ ಇರುವ ಸಂಬಂಧ ಹತ್ತಿರದ್ದು. ಕನ್ನಡಿಗರಿಗೂ ಇದು ಅಷ್ಟೇನೂ ಪರಕೀಯವಲ್ಲ. ಆ ಸಂಬಂಧಗಳನ್ನು ಮುಂದೆ ಹೇಳುತ್ತೇನೆ, ಮೊದಲು ಕಥೆ.

ನಿರ್ಮಲೆ ತಂದೆತಾಯಿಗಳಿಲ್ಲದ ಹುಡುಗಿ. ಮರಾಠಿ ಚಿತ್ರದಲ್ಲಿ ಇವಳ ಹೆಸರು ನೀರಾ. ಬಂಧುಗಳ ಆಶ್ರಯದಲ್ಲಿ ಬೆಳೆದವಳು, ಓದುಬರಹ ಬಲ್ಲವಳು, ಆಟಪಾಟಗಳಲ್ಲಿ ಚುರುಕು. ಸಾಕಿದವರು ಹಣದ ಆಸೆಯಿಂದ ಅವಳನ್ನು ಮೋಸಗೊಳಿಸಿ ಕಾಕಾಸಾಹೇಬನೆಂಬ ವಕೀಲನಿಗೆ ಮದುವೆ ಮಾಡಿಕೊಡುತ್ತಾರೆ. ಆತ ವಿಧುರ, ಬೆಳೆದುನಿಂತ ಮಗನೂ ಮಗಳೂ ಇರುವವನು. ವರನಾರೆಂಬುದು ವಧುವಿಗೆ ತಿಳಿಯುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿರುತ್ತದೆ. ನಿರ್ಮಲೆ ಓಡಿಹೋಗುವುದಿಲ್ಲ, ಬಾವಿಗೆ ಬೀಳುವುದಿಲ್ಲ, ಅತ್ತು ಸುಮ್ಮನಾಗುವುದೂ ಇಲ್ಲ. ಆ ಮನೆಯಲ್ಲಿಯೇ ನಿಂತು, ನಾನು ಈ ಮದುವೆಗೆ ಒಪ್ಪಿದವಳಲ್ಲ, ಆದುದರಿಂದ ನಾನು ನಿಮ್ಮ ಹೆಂಡತಿಯಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಕಷ್ಟವನ್ನು ಸಹಿಸಬಹುದು, ಅನ್ಯಾಯವನ್ನು ಸಹಿಸಬಾರದು ಎಂಬುದು ಅವಳ ನಿಲುವು. ಮನೆಯ ಹಿರಿಯ ಹೆಂಗಸು ಕಾಡುತ್ತಾಳೆ. ಮಲಮಗ ರಜೆಗೆ ಬಂದವನು ಅನುಚಿತವಾಗಿ ನಡೆದುಕೊಂಡಾಗ ನಿರ್ಮಲೆ ಅವನಿಗೆ ಚೆನ್ನಾಗಿ ಹೊಡೆದು ಬುದ್ಧಿ ಕಲಿಸುತ್ತಾಳೆ. ಅವಳಿಗೆ ಬೆಂಬಲವಾಗಿ ನಿಲ್ಲುವವಳು ಕಾಕಾಸಾಹೇಬನ ಸ್ವಂತ ಮಗಳು. ಸಮಾಜಸೇವೆಯಲ್ಲಿ ತೊಡಗಿದ ಸುಶಿಕ್ಷಿತೆ. ಕೊನೆಗೆ ಮುದುಕನ ಮನಸ್ಸು ಕರಗುತ್ತದೆ. ತಾನು ಮಾಡಿದ್ದು ಅನ್ಯಾಯವೆಂದು ಆತ ಅರಿತುಕೊಳ್ಳುತ್ತಾನೆ. ಅವಳನ್ನು ಬಂಧನದಿಂದ ಬಿಡಿಸಬೇಕೆಂದು, ಮರುಮದುವೆಯಾಗುವಂತೆ ಅವಳಿಗೆ ಪತ್ರ ಬರೆದಿಟ್ಟು, ತಾನೇ ತನ್ನ ಬಾಳನ್ನು ಮುಗಿಸಿಕೊಳ್ಳುತ್ತಾನೆ. ಈ ಕೊನೆಯ ಕುರಿತು ನನಗೆ ಭಿನ್ನಾಭಿಪ್ರಾಯವುಂಟು. ಅದನ್ನು ಯಥಾಸ್ಥಳದಲ್ಲಿ ಹೇಳುವೆನು.

ಈ ಕಥೆಗೆ ಮೂಲ ನಾರಾಯಣ ಹರಿ ಆಪಟೆಯವರ ‘ನ ಪಟಣಾರೀ ಗೋಷ್ಟ’ ಎಂಬ ಮರಾಠಿ ಕಾದಂಬರಿ. ಹೆಸರಿನ ಅರ್ಥ, ಮನಸ್ಸಿಗೆ ಒಪ್ಪದ ಸಂಗತಿ. ಆಪಟೆಯವರು ಹುಟ್ಟಿದ್ದು ಸಾಂಗಲಿ ಜಿಲ್ಲೆಯ ಸಮಡೋಳಿಯಲ್ಲಿ. ಅಂದರೆ ನಮ್ಮ ನೆರೆಯವರೇ. ನಿರ್ಮಲೆಯ ಪಾತ್ರವನ್ನು ವಹಿಸಿದ ಶಾಂತಾ ಆಪಟೆಯವರು ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ದುಧನಿಯಲ್ಲಿ. ಅಕ್ಕಲಕೋಟೆಯ ಆಚೆ, ಕನ್ನಡ ಮಾತು ಇಂದಿಗೂ ಬೀದಿಬೀದಿಯಲ್ಲಿ ಕೇಳಿಬರುವ ಊರು ಅದು. ಮುದುಕ ವಕೀಲನಾಗಿ ಮರಾಠಿ ರಂಗಭೂಮಿಯ ನುರಿತ ನಟರಾದ ಕೇಶವರಾವ ದಾತೆಯವರು ನಟಿಸಿದರು. ಮಗಳ ಪಾತ್ರದಲ್ಲಿ ಕಾಣಿಸಿಕೊಂಡ ಶಕುಂತಲಾ ಪರಾಂಜಪೆಯವರು ವೃತ್ತಿಯ ನಟಿಯಲ್ಲ. ಪ್ರಸಿದ್ಧ ಗಣಿತಜ್ಞರಾದ ರ‍್ಯಾಂಗ್ಲರ್ ಪರಾಂಜಪೆಯವರ ಪುತ್ರಿ. ಕುಟುಂಬಯೋಜನೆಯ ವಿಷಯವನ್ನು ಬಾಯಿಬಿಟ್ಟು ಆಡಲು ಜನ ನಾಚುತ್ತಿದ್ದ ಕಾಲದಲ್ಲಿ ಅದಕ್ಕಾಗಿ ದುಡಿದವರು. ೧೯೯೧ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಸಮಾಜಸೇವಕಿಯ ಪಾತ್ರವನ್ನು ಸಮಾಜಸೇವಕಿಯೇ ಮಾಡಿದಂತಾಯಿತು.

ಈಗ ಕೊಲ್ಲಾಪುರದ ಮಾತು. ನಮ್ಮ ವಿದ್ಯಾರ್ಥಿಗಳು ಕೊಲ್ಲಾಪುರಕ್ಕೆ ಹೋದಾಗ ಮಹಾಲಕ್ಷ್ಮಿಯ ಗುಡಿಯನ್ನೂ ರಂಕಾಳೆಯ ಕೆರೆಯನ್ನೂ ನೋಡಿ ಬರುತ್ತಾರೆ. ಅದು ಭಾರತೀಯ ಚಿತ್ರಪಟದ ತವರುಗಳಲ್ಲೊಂದು ಎಂಬುದು ಅನೇಕರಿಗೆ ತಿಳಿಯದು. ಬಾಬುರಾವ ಪೇಂಟರರು ಅಲ್ಲಿ ಮಹಾರಾಷ್ಟ್ರ ಫಿಲ್ಮ ಕಂಪನಿಯನ್ನು ಕಟ್ಟಿ ಮೂಕಚಿತ್ರಗಳನ್ನು ತಯಾರಿಸಿದರು. ೧೯೨೦ರ ‘ಸೈರಂಧ್ರಿ’ ಅಲ್ಲಿಯದು. ಅವರ ಕೈಕೆಳಗೆ ಪಳಗಿದ ವಿಷ್ಣುಪಂತ ದಾಮಲೆ, ಫತ್ತೇಲಾಲ, ಕೇಶವರಾವ ಧಾಯಬರ ಹಾಗೂ ಶಾಂತಾರಾಮರು, ಸೀತಾರಾಮಪಂತ ಕುಲಕರ್ಣಿಯವರ ಜೊತೆಗೂಡಿ ೧೯೨೯ರಲ್ಲಿ ಕೊಲ್ಲಾಪುರದಲ್ಲಿಯೇ ಪ್ರಭಾತ ಕಂಪನಿಯನ್ನು ಸ್ಥಾಪಿಸಿದರು. ೧೯೩೨ರ ‘ಅಯೋಧ್ಯೇಚಾ ರಾಜಾ’ ಅವರ ಮೊದಲ ಬೋಲಪಟ. ೧೯೩೩ರಲ್ಲಿ ಕಂಪನಿ ಪುಣೆಗೆ ಹೋಯಿತು. ಆದುದರಿಂದ ‘ದುನಿಯಾ ನ ಮಾನೆ’ ತಯಾರಾದದ್ದು ಪುಣೆಯ ಸ್ಟುಡಿಯೋದಲ್ಲಿ; ಅದನ್ನು ತಯಾರಿಸಿದ ಕೈಗಳು ಮಾತ್ರ ಕೊಲ್ಲಾಪುರದಲ್ಲಿ ಪಳಗಿದವು. ಪ್ರಭಾತದ ಆ ಆವಾರದಲ್ಲಿಯೇ ೧೯೬೦ರಲ್ಲಿ ಸರಕಾರದ ಚಲನಚಿತ್ರ ಶಿಕ್ಷಣ ಸಂಸ್ಥೆ ಆರಂಭವಾಯಿತು.

ಇಲ್ಲಿ ಕನ್ನಡಿಗರು ನೆನಪಿಡಬೇಕಾದ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊಟ್ಟಮೊದಲ ಬೋಲಪಟ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇನ್ನೊಂದು, ಕೊಲ್ಲಾಪುರದಲ್ಲಿ ೧೯೦೧ರಲ್ಲಿ ಹುಟ್ಟಿದ ಶಾಂತಾರಾಮರು ಹುಡುಗತನದಲ್ಲಿ ಹೊಟ್ಟೆಪಾಡಿಗಾಗಿ ಹುಬ್ಬಳ್ಳಿಗೆ ಹೋಗಿ ಅಲ್ಲಿಯ ರೈಲ್ವೆ ಕಾರಖಾನೆಯಲ್ಲಿ ದುಡಿದರು. ಸಂಜೆಯ ಹೊತ್ತು ತಗಡಿನ ಮಾಡಿನ ಒಂದು ಸಿನೇಮಾ ಥಿಯೇಟರಿನಲ್ಲಿ ಚಿಲ್ಲರೆ ಕೆಲಸ ಮಾಡಿದರು. ಚಿತ್ರಪಟದ ಹುಚ್ಚು ಅವರಿಗೆ ಹತ್ತಿದ್ದು ಆ ತಗಡಿನ ಕೆಳಗೆ, ಕನ್ನಡ ನೆಲದಲ್ಲಿ.

ಮುದುಕನೊಬ್ಬ ಹಣ ಕೊಟ್ಟು ಎಳೆಯ ಹುಡುಗಿಯನ್ನು ಮದುವೆಯಾಗುವುದು ಕೇವಲ ಕಾದಂಬರಿಕಾರನ ಕಲ್ಪನೆಯಾಗಿರಲಿಲ್ಲ. ವರದಕ್ಷಿಣೆಯ ಹೆಸರನ್ನು ನಾವು ಇಂದು ಕೇಳುತ್ತೇವೆ. ಅದಕ್ಕೆ ವಿರುದ್ಧವಾಗಿ ಹೆಣ್ಣಿನ ಕಡೆಯವರೇ ಹಣ ತೆಗೆದುಕೊಳ್ಳುವ ಕನ್ಯಾವಿಕ್ರಯವೂ ಅನೇಕ ಕುಲಗಳಲ್ಲಿ ನಡೆಯುತ್ತಿತ್ತು. ಹೆಂಡತಿ ಸತ್ತ ಶ್ರೀಮಂತನಿಗೆ ಎರಡನೆಯ, ಮೂರನೆಯ ಮದುವೆ ಕಷ್ಟದ ಮಾತಾಗಿರಲಿಲ್ಲ. ಗಂಡ ಸತ್ತ ಹತ್ತು ವರ್ಷದ ಹುಡುಗಿ ಮಾತ್ರ ಜೀವನವಿಡೀ ಮೂಲೆ ಹಿಡಿದಿರಬೇಕಾಗಿತ್ತು. ಈ ಕೆಟ್ಟ ರೂಢಿಯನ್ನು ರಂಗಭೂಮಿಯ ಮೇಲೆ ತಂದು ಜನರಿಗೆ ತೋರಿಸಿದ ಮೊದಲಿಗರಲ್ಲಿ ಕನ್ನಡದವರೊಬ್ಬರು ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ೧೮೮೭ರಲ್ಲಿಯೇ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವೆಂಬ ನಾಟಕವನ್ನು ಪ್ರಕಟಿಸಿದರು. ‘ಕನ್ಯಾವಿಕ್ರಯದ ಪರಿಣಾಮವು’ ಎಂಬುದು ಅದರ ಇನ್ನೊಂದು ಹೆಸರು. ಹೊಸಗನ್ನಡದ ಮೊದಮೊದಲ ಸಾಮಾಜಿಕ ನಾಟಕಗಳಲ್ಲಿ ಅದು ಎಣಿಕೆಯಾಗುತ್ತದೆ.

ಕರ್ಕಿಯೆಂದಾಗ ಇನ್ನೊಂದು ವಿಷಯ ನೆನಪಾಗುತ್ತದೆ. ಇದೇ ಕರ್ಕಿಯ ಭಾಗವತ ಮೇಳದವರು ಸಾಂಗಲಿಗೆ ಬಂದು ಆಟವಾಡಿದ್ದನ್ನು ನೋಡಿ ಅಲ್ಲಿಯ ದೊರೆಗಳು ಮರಾಠಿಯಲ್ಲಿಯೂ ಇಂಥದು ಬೇಕೆಂದು ಅಪ್ಪಣೆ ಮಾಡಿದರು, ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದ ಪ್ರಾರಂಭವಾಗುತ್ತದೆ. ಆ ಸಾಂಗಲಿಗೆ ಅಂಟಿಕೊಂಡೇ ಇರುವ ಹರಿಪುರದಲ್ಲಿ ೧೮೫೫ರಲ್ಲಿ ಹುಟ್ಟಿದವರು ಗೋವಿಂದ ಬಲ್ಲಾಳ ದೇವಲರು. ಹರಿಪುರದಲ್ಲಿ ವಾರಣೆಯನ್ನು ಕೂಡಿಕೊಂಡ ಕೃಷ್ಣೆಯ ನೀರೇ ಕೆಳಗೆ ಹರಿದುಬಂದು ನಮ್ಮ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡುತ್ತದೆ. ದೇವಲರು ೧೮೯೯ರಲ್ಲಿ ರಂಗಕ್ಕೆ ತಂದ ‘ಸಂಗೀತ ಶಾರದಾ’ ನಾಟಕದ ವಸ್ತುವೂ ಮುದುಕನ ಮದುವೆಯೇ. ಭುಜಂಗನಾಥನೆಂಬ ಶ್ರೀಮಂತ ವೃದ್ಧನಿಗೆ ಶಾರದೆಯೆಂಬ ಎಳೆಯ ಹುಡುಗಿಯನ್ನು ಅವಳ ತಂದೆ ಕಾಂಚನಭಟ್ಟನು ಹಣಕ್ಕಾಗಿ ಕೊಡಲು ಹೊರಡುತ್ತಾನೆ. ಆ ನಾಟಕದ ಪದಗಳು ಹಾಡಾಗಿ ಮನೆಮನೆಗೂ ಹರಡಿದವು.

ಹಾಗಾದರೆ ೧೮೯೯ರ ಶಾರದೆಗೂ ೧೯೩೭ರ ನಿರ್ಮಲೆಗೂ ಏನು ವ್ಯತ್ಯಾಸ? ಇದನ್ನು ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ನೋಡಬೇಕು. ಶಾರದೆಯ ಮದುವೆ ನಿಂತುಹೋಗುವುದು ವರ ಮುದುಕನೆಂಬ ಕಾರಣಕ್ಕಲ್ಲ, ವಧುವಿಗೆ ಇಷ್ಟವಿಲ್ಲವೆಂಬ ಕಾರಣಕ್ಕೂ ಅಲ್ಲ. ವಧೂವರರ ಗೋತ್ರ ಒಂದೇ ಎಂಬುದು ಬಯಲಾದುದರಿಂದ. ಅಂದರೆ ಅನ್ಯಾಯವನ್ನು ತಡೆಯಲು ಅನ್ಯಾಯವೆಂಬ ಮಾತು ಸಾಲದಾಯಿತು. ಶಾಸ್ತ್ರದೊಳಗಿನ ಇನ್ನೊಂದು ನಿಷೇಧವನ್ನು ಹುಡುಕಿ ತರಬೇಕಾಯಿತು. ಒಂದುವೇಳೆ ಗೋತ್ರ ಬೇರೆಬೇರೆಯಾಗಿದ್ದರೆ? ದೇವಲರ ಕಾಲದ ಪ್ರೇಕ್ಷಕರಿಗೆ ಈ ಪ್ರಶ್ನೆ ಹೊಳೆಯದೆ ಇರಲಿಲ್ಲ. ನಾಟಕ ಅದಕ್ಕೆ ಉತ್ತರ ಕೊಡುವುದಿಲ್ಲ. ಮೂವತ್ತೆಂಟು ವರುಷಗಳ ಮೇಲೆ ಬಂದ ನಿರ್ಮಲೆಯ ಮದುವೆಯಲ್ಲಿ ಗೋತ್ರದ ತೊಡಕಿಲ್ಲ. ಮಂತ್ರ, ಅಗ್ನಿ, ಸಾಕ್ಷಿ, ಯಾವುದರಲ್ಲಿಯೂ ಲೋಪವಿಲ್ಲ. ಎಲ್ಲವೂ ಸರಿಯಾಗಿ ನಡೆದ ಮದುವೆಯಲ್ಲಿ ಒಂದೇ ಒಂದು ಕೊರತೆ, ಹುಡುಗಿಯ ಒಪ್ಪಿಗೆ. ಅಷ್ಟೊಂದು ಸಣ್ಣದೆಂದು ಲೋಕ ಭಾವಿಸಿದ ಆ ಕೊರತೆಯನ್ನೇ ಚಿತ್ರ ತನ್ನ ಮುಖ್ಯ ವಿಷಯವಾಗಿ ಹಿಡಿಯಿತು. ‘ಜಗತ್ತು ಒಪ್ಪದು’ ಎಂಬ ಅದರ ಹಿಂದಿ ಹೆಸರನ್ನು ಕೇಳಿದಾಗಲೆಲ್ಲ, ಒಪ್ಪಬೇಕಾದವರು ಯಾರು, ಜಗತ್ತೋ ಹುಡುಗಿಯೋ, ಎಂದು ನನಗೆ ಅನಿಸುತ್ತದೆ.

ಚಿತ್ರದ ಸಂಗೀತದ ಬಗೆಗೆ ಎರಡು ಮಾತು ಹೇಳದೆ ಮುಂದುವರಿಯಲಾರೆ. ಬೋಲಪಟ ಬಂದ ಹೊಸತರಲ್ಲಿ ಹಾಡುಗಳ ಸುರಿಮಳೆಯೇ ಇತ್ತು; ೧೯೩೨ರ ‘ಇಂದ್ರಸಭಾ’ ಎಂಬ ಹಿಂದಿ ಚಿತ್ರದಲ್ಲಿ ಸುಮಾರು ಎಪ್ಪತ್ತು ಹಾಡುಗಳಿದ್ದವು. ಪಾತ್ರಧಾರಿ ನಗಲಿ, ಅಳಲಿ, ಸಾಯಲಿ, ಹಿಂದಿನಿಂದ ವಾದ್ಯಗಳು ಮೊಳಗುತ್ತಿದ್ದವು. ಈ ಚಿತ್ರದಲ್ಲಿಯೂ ಹಾಡುಗಳಿವೆ. ಸಂಗೀತ ನಿರ್ದೇಶಕರು ಕೇಶವರಾವ ಭೋಳೆಯವರು. ಶಾಂತಾ ಆಪಟೆಯವರು ತಮ್ಮ ಹಾಡುಗಳನ್ನು ತಾವೇ ಹಾಡಿದ್ದಾರೆ. ಆದರೆ ಹಿನ್ನೆಲೆಯ ವಾದ್ಯಮೇಳವನ್ನು ಶಾಂತಾರಾಮರು ತೆಗೆದುಹಾಕಿದರು. ಕಥೆ ನಡೆಯುವ ಸ್ಥಳದಲ್ಲಿ ಸಹಜವಾಗಿ ಕೇಳಿಬರುವ ಸದ್ದು ಮಾತ್ರ ನಮಗೆ ಕೇಳಿಸುತ್ತದೆ: ಪಾತ್ರೆಯ ಸಪ್ಪಳ, ಗಡಿಯಾರದ ಟಿಕ್‌ಟಿಕ್, ಬೀದಿಯ ಗದ್ದಲ. ಹಾಡಿಗೆ ವಾದ್ಯ ಬೇಕಾದಾಗ ಅದಕ್ಕೂ ಮನೆಯೊಳಗಿನ ಗ್ರಾಮಫೋನಿನಂಥ ಒಂದು ಕಾರಣ ಇರಬೇಕು. ನಿರ್ಮಲೆ ಒಂದು ಇಂಗ್ಲಿಷ್ ಪದ್ಯವನ್ನೂ ಹಾಡುತ್ತಾಳೆ. ಅಮೇರಿಕದ ಕವಿ ಲಾಂಗ್‌ಫೆಲೋ ೧೮೩೮ರಲ್ಲಿ ಬರೆದ, ಬಾಳನ್ನು ರಣರಂಗಕ್ಕೆ ಹೋಲಿಸಿ ಎದೆಗುಂದದಿರೆಂದು ಹೇಳುವ ಕವನ ಅದು. ಅಂದಿನ ಇಂಗ್ಲಿಷ್ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದುದು. ಶಾಲೆಯಲ್ಲಿ ಕಲಿತ ಪದ್ಯವೊಂದು ಹುಡುಗಿಯ ಕಷ್ಟಕಾಲದಲ್ಲಿ ಅವಳ ಕೈಗೆ ಬಂತೆಂಬುದು ಶಿಕ್ಷಕನಾದ ನನಗೆ ಬಹಳ ಹಿಡಿಸಿದ ಸಂಗತಿ. ಮರಾಠಿ ಅವತರಣಿಕೆಗೆ ಹಾಡು ಬರೆದವರು ಶಾಂತಾರಾಮ ಆಠವಲೆಯವರು. ಹಿಂದಿಗೆ ಮುನ್ಶಿ ಅಜೀಜರು. ಆ ಕಾಲದ ಪದ್ಧತಿಯೆಂದರೆ, ಅದೇ ರಂಗಸಜ್ಜಿಕೆಯಲ್ಲಿ ಅದೇ ನಟರಿಂದ ಒಂದೊಂದು ದೃಶ್ಯವನ್ನು ಮೊದಲು ಒಂದು ಭಾಷೆಯಲ್ಲಿ, ಬಳಿಕ ಇನ್ನೊಂದರಲ್ಲಿ ಆಡಿಸಿ ಚಿತ್ರೀಕರಿಸುವುದು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ತಾಲೂಕಿನ ಮಕ್ಕಳಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಕ್ಕಿಲ್ಲ.

ಕಾಕಾಸಾಹೇಬನನ್ನು ರಾಕ್ಷಸನಂತೆ ಚಿತ್ರಿಸದೆ ಇರುವುದು ಈ ಚಿತ್ರದ ಇನ್ನೊಂದು ಹಿರಿಮೆ. ಆತ ಓದಿದವನು, ಊರಿನಲ್ಲಿ ಮಾನವುಳ್ಳವನು. ಲೋಕ ಮಾಡುವುದನ್ನೇ ತಾನೂ ಮಾಡಿದೆನೆಂದು ನಂಬಿದವನು. ಮೀಸೆಗೆ ಬಣ್ಣ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಲ್ಲುವ ಅವನನ್ನು ಕಂಡು ನಾವು ಮೊದಲು ನಗುತ್ತೇವೆ, ಆಮೇಲೆ ನಗೆ ನಿಂತುಹೋಗುತ್ತದೆ. ಒಂದು ದೃಶ್ಯದಲ್ಲಿ ಒಡೆದ ಕನ್ನಡಿಯ ಚೂರುಚೂರಿನಲ್ಲಿಯೂ ಅವನದೇ ಮುಖ ಕಾಣಿಸಿಕೊಂಡು ಅವನನ್ನು ಅಣಕಿಸುತ್ತದೆ. ಗೋಡೆಯ ಮೇಲಿನ ಹಳೆಯ ಗಡಿಯಾರ ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಲೋಲಕ ಆ ಕಡೆ ಈ ಕಡೆ ತೂಗಾಡುತ್ತ, ಕಳೆದ ಕಾಲ ಹಿಂದಿರುಗದೆಂಬುದನ್ನು ಯಾರ ಬಾಯಿಂದಲೂ ಹೇಳಿಸದೆಯೇ ತಿಳಿಸುತ್ತದೆ. ಇಷ್ಟನ್ನು ಒಂದು ಮಾತೂ ಇಲ್ಲದೆ ತೋರಿಸಬಲ್ಲವರು ಅಂದಿಗೂ ವಿರಳ, ಇಂದಿಗೂ ವಿರಳ.

ಇನ್ನು ಕಾಯಿದೆಯ ಮಾತು. ಇದು ಒಣ ವಿಷಯವೆಂದು ಬಾಲವಾಚಕರು ಪುಟ ತಿರುವಬಾರದು. ಕಥೆಯ ಗಂಟು ಇಲ್ಲಿಯೇ ಇದೆ. ಅಜಮೀರದ ಹರಬಿಲಾಸ ಸಾರಡಾ ಎಂಬವರ ಪ್ರಯತ್ನದಿಂದ ೧೯೨೯ರಲ್ಲಿ ಬಾಲ್ಯವಿವಾಹ ಪ್ರತಿಬಂಧಕ ಕಾಯಿದೆ ಪಾಸಾಗಿ ೧೯೩೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ನಮ್ಮ ಜನರ ಬಾಯಲ್ಲಿ ಅದು ‘ಶಾರದಾ ಕಾಯಿದೆ’. ದೇವಲರ ಶಾರದೆಗೂ ಅದಕ್ಕೂ ಹೆಸರಿನ ಹೋಲಿಕೆಯಷ್ಟೇ ಹೊರತು ಸಂಬಂಧವಿಲ್ಲ. ಹುಡುಗಿಗೆ ೧೪, ಹುಡುಗನಿಗೆ ೧೮ ವರುಷ ತುಂಬಿರಬೇಕೆಂದು ಆ ಕಾಯಿದೆ ಹೇಳಿತು. ಮೀರಿದವರಿಗೆ ದಂಡನೆಯುಂಟು, ಆದರೆ ನಡೆದ ಮದುವೆ ಮಾತ್ರ ಊರ್ಜಿತವೇ. ಅದೂ ಬ್ರಿಟಿಶ್ ಹಿಂದುಸ್ಥಾನಕ್ಕೆ ಅನ್ವಯಿಸಿತ್ತು. ಶಿರೋಳ ಪೇಟೆ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಸಂಸ್ಥಾನಗಳ ಕಾನೂನು ಬೇರೆ. ಶಾಹು ಮಹಾರಾಜರು ೧೯೧೭ರಲ್ಲಿಯೇ ವಿಧವೆಯರ ಪುನರ್ವಿವಾಹಕ್ಕೆ ಕಾನೂನಿನ ಬೆಂಬಲ ಕೊಟ್ಟಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ.

ನಿರ್ಮಲೆಗೆ ಸಾರಡಾ ಕಾಯಿದೆಯಿಂದ ಉಪಯೋಗವೇನು? ಏನೂ ಇಲ್ಲ. ಅವಳು ಹದಿನಾಲ್ಕು ದಾಟಿದ ತರುಣಿ. ವರನ ವಯಸ್ಸಿಗೆ ಮೇಲಿನ ಮಿತಿಯನ್ನು ಯಾವ ಕಾಯಿದೆಯೂ ಹಾಕಿರಲಿಲ್ಲ, ಇಂದಿಗೂ ಹಾಕಿಲ್ಲ. ಉಡಿಕೆ, ಬಿಡುಗಡೆಗಳ ರೂಢಿಯಿದ್ದ ಕುಲಗಳ ಮಾತು ಬೇರೆ. ಅದಿಲ್ಲದ ಹಿಂದೂ ಮನೆತನದ ಹೆಂಗಸಿಗೆ ಪುಣೆಯಲ್ಲಿ ೧೯೩೭ರಲ್ಲಿ ವಿವಾಹವಿಚ್ಛೇದನವೆಂಬುದೇ ಇರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನದ ಕಾಯಿದೆ ಬಂದದ್ದು ೧೯೪೭ರಲ್ಲಿ. ವಿಧವೆಯ ಮರುಮದುವೆಗೆ ಮಾತ್ರ ೧೮೫೬ರಿಂದಲೂ ಕಾನೂನಿನ ಸಮ್ಮತಿಯಿತ್ತು. ಹೀಗಾಗಿ ನಿರ್ಮಲೆ ಬಿಡುಗಡೆ ಹೊಂದಬೇಕಾದರೆ ಅವಳು ವಿಧವೆಯಾಗಲೇಬೇಕಿತ್ತು! ಕಾಕಾಸಾಹೇಬನ ಪಾತ್ರ ಏಕೆ ಸಾಯಬೇಕಾಯಿತೆಂಬುದರ ಗುಟ್ಟು ನನಗೆ ತೋರುವಂತೆ ಇದೇ. ಕಥೆಗಾರನು ಎಲ್ಲ ಬಾಗಿಲುಗಳನ್ನೂ ತಟ್ಟಿ ನೋಡಿದ, ತೆರೆದದ್ದು ಮೃತ್ಯುವಿನದೊಂದೇ.

ಆದರೂ ಈ ಕೊನೆಯನ್ನು ನಾನು ಮೆಚ್ಚಲಾರೆ. ತಪ್ಪನ್ನು ತಿಳಿದುಕೊಂಡ ಮನುಷ್ಯ ಬದುಕಿದ್ದು ಅದನ್ನು ತಿದ್ದಬೇಕೇ ಹೊರತು ಪ್ರಾಣ ಕಳೆದುಕೊಳ್ಳುವುದು ಪ್ರಾಯಶ್ಚಿತ್ತವಾಗದು. ಅದಲ್ಲದೆ, ಚಿತ್ರದುದ್ದಕ್ಕೂ ತನ್ನ ಮಾತಿನಿಂದ ತಾನೇ ಹೋರಾಡಿದ ಹುಡುಗಿಗೆ ಕೊನೆಯಲ್ಲಿ ಬಿಡುಗಡೆ ಮುದುಕನ ಕೈಯಿಂದ ದಾನವಾಗಿ ಬಂದಂತಾಗುತ್ತದೆ. ಅವಳ ಹೋರಾಟ ಅಷ್ಟರಮಟ್ಟಿಗೆ ಕುಂದಿತೆಂದು ನನ್ನ ಭಾವನೆ. ಬೇರೆಯವರು ಬೇರೆ ವಿಧವಾಗಿ ಹೇಳಬಹುದು.

ಹದಿನೆಂಟು ವರುಷಗಳ ತರುವಾಯ, ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಹನ್ನೆರಡನೆಯ ಕಲಮು ಒಂದು ಬಂದಿತು. ಬಲಾತ್ಕಾರದಿಂದ ಅಥವಾ ಮೋಸದಿಂದ ಒಪ್ಪಿಗೆ ಪಡೆದು ಮಾಡಿದ ಮದುವೆಯನ್ನು ಕೋರ್ಟಿನಿಂದ ರದ್ದುಪಡಿಸಿಕೊಳ್ಳಬಹುದು. ಆದರೆ ಮೋಸ ಬಯಲಾದ ಒಂದು ವರುಷದೊಳಗೆ ಅರ್ಜಿ ಕೊಡಬೇಕು, ಬಯಲಾದ ಮೇಲೆ ಸ್ವಸಂತೋಷದಿಂದ ಗಂಡಹೆಂಡಿರಾಗಿ ಬಾಳಿರಬಾರದು ಎಂದು ಅದರ ನಿಯಮ. ಈ ಕಲಮನ್ನು ಓದುತ್ತಿದ್ದಂತೆ ನನಗೆ ನಿರ್ಮಲೆಯೇ ಕಣ್ಣಮುಂದೆ ನಿಂತಳು. ಮೋಸ ತಿಳಿದ ದಿನವೇ ‘ನಾನು ಒಪ್ಪಿಲ್ಲ’ ಎಂದವಳು, ಆ ಮನೆಯಲ್ಲಿದ್ದೂ ಹೆಂಡತಿಯಾಗಿ ಬಾಳದವಳು. ೧೯೩೭ರಲ್ಲಿ ಎಲ್ಲರೂ ಹಟವೆಂದು ಕರೆದ ಅವಳ ನಡತೆಯನ್ನೇ ಕಾಯಿದೆ ಮುಂದೆ ಒಂದು ಹಕ್ಕಿನ ಆಧಾರವಾಗಿ ಬರೆದುಕೊಂಡಿತು.

ಕುಂಕುಮದ ಬಗೆಗೂ ಒಂದು ಮಾತು. ಮರಾಠಿ ಚಿತ್ರದ ಹೆಸರಿನಲ್ಲಿ ಅದು ಗಂಡನಿಂದ ಬಂದ ಗುರುತು. ನಮ್ಮ ಕಡೆಯ ಹೆಂಗಸರನ್ನು ಕೇಳಿದರೆ, ಕುಂಕುಮ ತವರಿನದು ಎನ್ನುತ್ತಾರೆ. ತೊಟ್ಟಿಲಲ್ಲಿ ಮಲಗಿದ ಹೆಣ್ಣುಕೂಸಿನ ಹಣೆಗೂ ತಾಯಿ ಕುಂಕುಮವಿಡುತ್ತಾಳೆ. ಗಂಡ ಕೊಡದೆ ಇದ್ದುದನ್ನು ಗಂಡ ಸತ್ತಾಗ ಅಳಿಸುವುದು ಯಾವ ನ್ಯಾಯ ಎಂದು ನಮ್ಮೂರಿನ ವೃದ್ಧೆಯೊಬ್ಬರು ನನ್ನನ್ನು ಕೇಳಿದ್ದುಂಟು. ನನಗೆ ಉತ್ತರ ಹೊಳೆದಿರಲಿಲ್ಲ.

ಇದೆಲ್ಲ ಅಜ್ಜಿಯರ ಕಾಲದ ಕಥೆ, ಇಂದಿಗೇಕೆಂದು ಪಾಲಕರು ಕೇಳಬಹುದು. ಕೆಲವು ವರುಷಗಳ ಹಿಂದೆ ದೀಪಾವಳಿಯ ರಜೆ ಮುಗಿದ ಮೇಲೆ ನನ್ನ ವರ್ಗದ ಒಬ್ಬ ಹುಡುಗಿ ಶಾಲೆಗೆ ಬರಲಿಲ್ಲ. ಹದಿನೈದು ವರುಷದವಳು, ಲೆಕ್ಕದಲ್ಲಿ ಜಾಣೆ. ವಿಚಾರಿಸಿದಾಗ, ‘ಒಳ್ಳೆಯ ಸ್ಥಳ ಬಂತು, ಬಿಡಬಾರದೆಂದು’ ಎಂಬ ಉತ್ತರ ಬಂತು. ನಾನು ಹೋಗಿ ಮಾತಾಡಿದೆ. ಆದರೆ ಹೋದದ್ದು ತಡವಾಗಿ. ಮುಂಚಿತವಾಗಿಯೇ ಹೋಗಬೇಕಿತ್ತೆಂಬ ಕೊರಗು ಈಗಲೂ ಇದೆ. ಆದುದರಿಂದ ಇಂದಿನ ನಿಯಮವನ್ನು ಇಲ್ಲಿ ಬರೆಯುತ್ತೇನೆ. ೧೯೭೮ರಿಂದ ಮದುವೆಯ ವಯಸ್ಸು ಹುಡುಗಿಗೆ ೧೮, ಹುಡುಗನಿಗೆ ೨೧. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ, ಚಿಕ್ಕವಯಸ್ಸಿನವಳನ್ನು ಮದುವೆಯಾದ ಪ್ರೌಢ ಪುರುಷನಿಗೂ, ಮದುವೆ ಮಾಡಿಸಿದವರಿಗೂ, ಅದಕ್ಕೆ ಉತ್ತೇಜನ ಕೊಟ್ಟ ತಂದೆ, ಬಂಧುಗಳಿಗೂ ಎರಡು ವರುಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹೆಂಗಸರಿಗೆ ಮಾತ್ರ ಸೆರೆವಾಸವಿಲ್ಲ. ಎಳೆತನದಲ್ಲಿ ಮದುವೆಯಾದವಳು ಪ್ರಾಯಕ್ಕೆ ಬಂದ ಎರಡು ವರುಷಗಳೊಳಗಾಗಿ ಆ ಮದುವೆಯನ್ನು ರದ್ದುಪಡಿಸಲು ಕೋರ್ಟಿಗೆ ಕೇಳಿಕೊಳ್ಳಬಹುದು. ಮದುವೆಗಾಗಿ ಬಾಲಿಕೆಯನ್ನು ಮಾರಿದ್ದರೆ, ಇಲ್ಲವೆ ಮೋಸದಿಂದ ಕರೆದೊಯ್ದಿದ್ದರೆ, ಆ ಮದುವೆ ಮೊದಲಿನಿಂದಲೇ ಶೂನ್ಯ. ಅಂಥ ಮದುವೆ ನಡೆಯಲಿದೆಯೆಂದು ತಿಳಿದ ಯಾರೇ ಆಗಲಿ, ಮಕ್ಕಳೇ ಆಗಲಿ, ೧೦೯೮ ಎಂಬ ಸಂಖ್ಯೆಗೆ ಫೋನು ಮಾಡಬಹುದು. ಅದಕ್ಕೆ ಹಣ ಬೀಳುವುದಿಲ್ಲ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ಹಿರಿಯರಿಗೆ ಮರ್ಯಾದೆ ಕೊಡುವುದು ಬೇರೆ, ನಿನ್ನನ್ನು ಕೇಳದೆ ನಿನ್ನ ಬಾಳನ್ನು ಅವರು ಬರೆದುಕೊಟ್ಟಾಗ ಸುಮ್ಮನಿರುವುದು ಬೇರೆ. ನಿರ್ಮಲೆ ಎರಡನ್ನೂ ಬಲ್ಲವಳು. ನಿಂದಿಸುವ ಮಾತಿಗಿಂತ ಪ್ರಶ್ನಿಸುವ ಮಾತೇ ಅವಳ ಬಾಯಲ್ಲಿ ಹೆಚ್ಚು. ಹುಡುಗಿ ತಲೆಯಾಡಿಸಿ ಹೋದಳು. ಮರುವಾರ ಮತ್ತೆ ಬಂದಳು. ಅಜ್ಜಿ ಚಿತ್ರವನ್ನು ಇನ್ನೊಮ್ಮೆ ನೋಡಿದರಂತೆ. ಈ ಸಲ ಅವರಿಗೇ ಒಂದು ಸಂಶಯ ಬಂದಿತ್ತು, ಗುರುಗಳನ್ನು ಕೇಳಿಕೊಂಡು ಬಾ ಎಂದು ಕಳುಹಿಸಿದ್ದರು. ಮುದುಕ ಹೋದ ಮೇಲೆ ಆ ಹುಡುಗಿ ಮುಂದೆ ಏನು ಮಾಡಿದಳು, ಮದುವೆಯಾದಳೋ, ಮತ್ತೆ ಓದಲು ಹೋದಳೋ? ಚಿತ್ರ ಅದನ್ನು ಹೇಳುವುದಿಲ್ಲವೆಂದು ನಾನು ಹೇಳಿ ಕಳುಹಿಸಿದೆ.